ಓದುಗರು ಕೇಳ್ತಾರೆ: ಹಿಮ ಒಡೆಯೋ ಹಡಗಿಗೂ ಒಂದು ಎಐಸಿಸಿ!

ಹೋದ ಸಂಚಿಕೆಲಿ ಅಮೆರಿಕದ 'ಹೀಲಿ' ಅನ್ನೋ ಐಸ್‌ಬ್ರೇಕರ್ ಹಡಗಿನ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದನ್ನ ಓಡಿಸೋದು ಅಲ್ಲಿನ ಕೋಸ್ಟ್ ಗಾರ್ಡ್, ಆದ್ರೆ ಅದಕ್ಕೆ ಬುದ್ಧಿ ಹೇಳೋಕೆ ವಿಜ್ಞಾನಿಗಳದ್ದೇ ಒಂದು ಸಮಿತಿ ಇದೆ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತೆ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ. ಹಂಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಮೀಸಲು. ಇನ್ವರ್ಟರ್ ಬ್ಯಾಟರಿ ಬಗ್ಗೆ ಕೇಳಿದ ಮೂರು ಜನ ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನಿಮ್ಮ ಬ್ಯಾಟರಿಗೆ ಮುಂದಿನ ಸಲ ನೀರು ಹಾಕೋಣ.

ಪ್ರಶ್ನೆ: ನಾನು ಸಿಯಾಟಲ್‌ನಲ್ಲಿ ಕೆಲಸ ಮಾಡ್ತೀನಿ. ಬಂದರಿನ ಕಡೆ ಹೋದಾಗೆಲ್ಲ ಕೆಂಪು ಬಣ್ಣದ ದೊಡ್ಡ ಹಡಗು ನಿಂತಿರುತ್ತೆ, ಮೈಮೇಲೆ ಕೋಸ್ಟ್ ಗಾರ್ಡ್ ಅಂತ ಬರೆದಿರುತ್ತೆ. ನೀವು ಹೇಳಿದ್ದು ಅದೇನಾ? ಆ ಸಮಿತಿ ಹೆಸರೇನು? (ಓದುಗರು, ಸಿಯಾಟಲ್)

ಅದೇ ಇರ್ಬೇಕು, ಇಲ್ಲಾಂದ್ರೆ ಅದರ ಅಕ್ಕ 'ಪೋಲಾರ್ ಸ್ಟಾರ್' ಇರ್ಬೇಕು, ಎರಡೂ ನಿಮ್ಮೂರವೇ, ಎರಡಕ್ಕೂ ಮೈ ಕೆಂಪು. ಬಿಳಿ ಹಿಮದ ಮಧ್ಯೆ ದೂರದಿಂದ್ಲೇ ಎದ್ದು ಕಾಣ್ಲಿ ಅಂತ ಆ ಬಣ್ಣ. ಹೀಲಿ ಉದ್ದ 128 ಮೀಟರ್, ತೂಕ ಸುಮಾರು 16 ಸಾವಿರ ಟನ್. ಕಟ್ಟಿದ್ದು ನ್ಯೂ ಆರ್ಲಿಯನ್ಸ್ ಹತ್ರದ ಏವನ್‌ಡೇಲ್ ಯಾರ್ಡಲ್ಲಿ, 1999ರ ಕೊನೆಗೆ ಕೈಗೆ ಸಿಕ್ತು, 2000ದ ಆಗಸ್ಟಲ್ಲಿ ಸಿಯಾಟಲ್ಲಲ್ಲೇ ಸೇವೆಗೆ ಸೇರಿಸಿದ್ರು.

ಇನ್ನು ಸಮಿತಿ ಹೆಸರು. ನಗಬೇಡಿ. ಆರ್ಕ್ಟಿಕ್ ಐಸ್‌ಬ್ರೇಕರ್ ಕೋಆರ್ಡಿನೇಟಿಂಗ್ ಕಮಿಟಿ, ಚಿಕ್ಕದಾಗಿ ಎಐಸಿಸಿ. ನಮ್ಮ ಕಡೆ ಎಐಸಿಸಿ ಅಂದ್ರೆ ದೆಹಲಿ, ಹೈಕಮಾಂಡ್, ಟಿಕೆಟ್ ಹಂಚಿಕೆ, ಬಣ ರಾಜಕೀಯ ಇಷ್ಟೇ ತಲೆಗೆ ಬರೋದು. ಇದು ಆ ಎಐಸಿಸಿ ಅಲ್ಲ, ಇದರ ಹತ್ರ ಕಮಾಂಡೂ ಇಲ್ಲ ಹೈಯೂ ಇಲ್ಲ. ಅಮೆರಿಕದಲ್ಲಿ ಯುನಾಲ್ಸ್ ಅಂತ ಒಂದು ಒಕ್ಕೂಟ ಇದೆ, ಸಮುದ್ರ ಸಂಶೋಧನೆ ಮಾಡೋ ಯೂನಿವರ್ಸಿಟಿಗಳು, ಲ್ಯಾಬ್‌ಗಳು ಎಲ್ಲಾ ಸೇರಿ 1970ರ ದಶಕದ ಶುರುವಲ್ಲಿ ಮಾಡ್ಕೊಂಡಿದ್ದು, ಯಾವ ಹಡಗು ಯಾರಿಗೆ ಯಾವಾಗ ಸಿಗ್ಬೇಕು ಅಂತ ಟೈಮ್‌ಟೇಬಲ್ ಹಾಕೋದೇ ಅದರ ಮುಖ್ಯ ಕೆಲಸ. ಆ ಒಕ್ಕೂಟ 1990ರ ದಶಕದ ಮಧ್ಯದಲ್ಲಿ, ಹೀಲಿ ಇನ್ನೂ ಪೂರ್ತಿ ಆಗೋಕೆ ಮುಂಚೆನೇ, ಈ ಸಮಿತಿ ಹುಟ್ಟುಹಾಕ್ತು. ಕೆಲಸ ಒಂದೇ, ಕೋಸ್ಟ್ ಗಾರ್ಡ್‌ಗೆ ವಿಜ್ಞಾನಿಗಳ ಕಡೆಯಿಂದ ಸಲಹೆ ಕೊಡೋದು. ಅದು ಮುಂಚೆನೇ ಹುಟ್ಟಿದ್ದು ಯಾಕೆ ಮುಖ್ಯ ಅಂತ ಕೆಳಗೆ ಹೇಳ್ತೀನಿ.

ಪ್ರಶ್ನೆ: ಹಡಗು ಓಡಿಸೋದು ಕೋಸ್ಟ್ ಗಾರ್ಡ್‌ಗೆ ಚೆನ್ನಾಗೇ ಗೊತ್ತಿರುತ್ತಲ್ಲ ಸಾರ್, ಹಿಮ ಒಡೆಯೋಕೆ ಪ್ರೊಫೆಸರ್‌ಗಳ ಸಲಹೆ ಯಾಕೆ? (ಬಿಎಸ್‌ಸಿ ವಿದ್ಯಾರ್ಥಿನಿ, ಶಿವಮೊಗ್ಗ)

ಹಿಮ ಒಡೆಯೋಕೆ ಬೇಡಮ್ಮ, ಒಡೆದ ಮೇಲೆ ಅಲ್ಲಿ ನಿಂತು ಏನ್ ಮಾಡೋದು ಅನ್ನೋದಕ್ಕೆ ಬೇಕು.

ನಮ್ಮ ಹಳೇ ಮನೆ ಉದಾಹರಣೆ ಹೇಳ್ತೀನಿ. ಅದನ್ನ ಕಟ್ಟಿಸಿದ ಇಂಜಿನಿಯರ್ ಬಹಳ ಬುದ್ಧಿವಂತ, ಗೋಡೆ ಇವತ್ತಿಗೂ ಒಂದು ಬಿರುಕು ಬಿಟ್ಟಿಲ್ಲ, ಆದ್ರೆ ಪುಣ್ಯಾತ್ಮ ಜೀವನದಲ್ಲಿ ಒಂದು ದಿನ ಅಡುಗೆ ಮಾಡಿದೋನಲ್ಲ. ಒಲೆ ಕಟ್ಟೆ ಒಂದು ಮೂಲೆಗೆ, ಸಿಂಕು ಇನ್ನೊಂದು ಮೂಲೆಗೆ, ಮಿಕ್ಸಿಗೆ ಪ್ಲಗ್ಗು ಬಾಗಿಲ ಹಿಂದೆ. ನಮ್ಮಮ್ಮ 30 ವರ್ಷ ಬಿಸಿ ಪಾತ್ರೆ ಹಿಡ್ಕೊಂಡು ಆ ಮೂಲೆಯಿಂದ ಈ ಮೂಲೆಗೆ ಓಡಾಡಿದ್ರು. ಪ್ಲಾನ್ ಹಾಕೋ ದಿನ ಅವರನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು.

ಐಸ್‌ಬ್ರೇಕರ್ ಕಥೆನೂ ಇದೇ. ಹೀಲಿಗಿಂತ ಮುಂಚೆ ಅಮೆರಿಕದ ಹತ್ರ ಇದ್ದಿದ್ದು ಪೋಲಾರ್ ಸ್ಟಾರ್, ಪೋಲಾರ್ ಸೀ, ಒಂದು 1976ರದ್ದು ಇನ್ನೊಂದು 1978ರದ್ದು. ಶಕ್ತಿಗೇನೂ ಕಮ್ಮಿ ಇಲ್ಲ, ಹಿಂದೆ ಸರಿದು ಮುಂದೆ ನುಗ್ಗಿ ನುಗ್ಗಿ 21 ಅಡಿ ದಪ್ಪದ ಹಿಮನೂ ಒಡೀತಿದ್ವು. ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಕೇಂದ್ರಕ್ಕೆ ಸಾಮಾನು ಹಡಗು ಹೋಗೋಕೆ ದಾರಿ ಬಿಡಿಸ್ಬೇಕು, ಅದಕ್ಕೆ ಹೇಳಿ ಮಾಡಿಸಿದಂತಿದ್ವು. ಆದ್ರೆ ವಿಜ್ಞಾನ ಅಂತ ಬಂದ್ರೆ ಅಲ್ಲಿ ವಿಜ್ಞಾನಿಗಳು ಬಾಡಿಗೆ ಮನೆಯವರ ಥರಾ. 1994ರಲ್ಲಿ ಪೋಲಾರ್ ಸೀ ಮತ್ತೆ ಕೆನಡಾದ ಲೂಯಿ ಸೇಂಟ್ ಲಾರೆಂಟ್ ಜೊತೆಯಾಗಿ ಆರ್ಕ್ಟಿಕ್ ಸಾಗರವನ್ನ ಈ ಕಡೆಯಿಂದ ಆ ಕಡೆಗೆ ದಾಟಿ ಉತ್ತರ ಧ್ರುವಕ್ಕೇ ಹೋಗಿಬಂದ್ವು, ಎರಡೂ ದೇಶದ ನೀರಮೇಲಿನ ಹಡಗು ಅಲ್ಲಿಗೆ ಮುಟ್ಟಿದ್ದು ಅದೇ ಮೊದಲು. ಹವಾಮಾನ, ಸಮುದ್ರದ ನೀರು, ಹಿಮ ಹೀಗೆ ಬೇರೆಬೇರೆ ವಿಷಯದ ವಿಜ್ಞಾನಿಗಳು ಒಟ್ಟಿಗೆ ಹೋದ್ರೆ ಎಷ್ಟು ಕೆಲಸ ಆಗುತ್ತೆ ಅಂತ ಆ ಒಂದು ಯಾನ ತೋರಿಸ್ತು, ಅದಕ್ಕೆ ಸರಿಯಾದ ಹಡಗು ಬೇಕು ಅಂತನೂ ತೋರಿಸ್ತು.

ಈಗ ನೀವು ಕೇಳಿದ ಪ್ರಶ್ನೆಗೆ ನೇರವಾಗಿ ಬರ್ತೀನಿ, ಹಿಮದಲ್ಲಿ ವಿಜ್ಞಾನ ಮಾಡೋವಾಗ ಏನೇನ್ ತಲೆನೋವು ಬರುತ್ತೆ ನೋಡಿ. ಸಮುದ್ರದ ಆಳದ ನೀರಿನ ಉಪ್ಪು, ತಾಪಮಾನ ಅಳೆಯೋಕೆ ಒಂದು ಯಂತ್ರವನ್ನ ಕೇಬಲ್‌ಗೆ ಕಟ್ಟಿ ಮೂರ್ನಾಲ್ಕು ಕಿಲೋಮೀಟರ್ ಕೆಳಗೆ ಇಳಿಸ್ತಾರೆ. ಬರಿ ಸಮುದ್ರದಲ್ಲಿ ಅದು ದಿನನಿತ್ಯದ ಕೆಲಸ. ಹಿಮದಲ್ಲಿ ಹಂಗಲ್ಲ, ಹಡಗು ಮೊದಲು ಪಕ್ಕದಲ್ಲಿ ಒಂದು ಕೆರೆ ಥರಾ ಜಾಗ ಬಿಡಿಸ್ಕೋಬೇಕು, ಯಂತ್ರ ಮೇಲೆ ಬರೋ ಅಷ್ಟೊತ್ತಿಗೆ ಹಿಮದ ಹಲಗೆಗಳು ತೇಲ್ಕೊಂಡು ಬಂದು ಆ ಕೆರೆ ಮುಚ್ಚಿಬಿಟ್ರೆ ಕೇಬಲ್ ಕತ್ತರಿಗೆ ಸಿಕ್ಕಿದ ದಾರ. ಹಂಗಾಗಿ ಕೇಬಲ್ ಇಳಿಸಿ ಎತ್ತೋ ರಾಟೆ, ಅಂದ್ರೆ ವಿಂಚ್, ಹಡಗಿನ ಯಾವ ಪಕ್ಕದಲ್ಲಿ ಇರ್ಬೇಕು, ಅಲ್ಲಿ ನಿಂತೋನು ಬ್ರಿಜ್ಜಲ್ಲಿ, ಅಂದ್ರೆ ಹಡಗು ಓಡಿಸೋ ಕೋಣೇಲಿ, ಇರೋನಿಗೆ ಕಾಣ್ಬೇಕಾ ಬೇಡ್ವಾ, ಇವೆಲ್ಲ ಕಬ್ಬಿಣ ಕತ್ತರಿಸೋಕೆ ಮುಂಚೆ ತೀರ್ಮಾನ ಆಗ್ಬೇಕಾದ ವಿಷಯ.

ಆಮೇಲೆ ಸೋನಾರ್. ಹಡಗಿನ ತಳದಿಂದ ಸದ್ದು ಕಳಿಸಿ ವಾಪಸ್ ಬರೋ ಪ್ರತಿಧ್ವನಿಯಿಂದ ಸಮುದ್ರತಳದ ನಕ್ಷೆ ಮಾಡ್ತಾರೆ. ಐಸ್‌ಬ್ರೇಕರ್ ತಳ ಅಂದ್ರೆ ಅದೇ ಒಡೆದ ಹಿಮ ಜಾರ್ಕೊಂಡು ಹೋಗೋ ದಾರಿ! ದಡಬಡ ಅಂತ ಬಂಡೆ ಬಂಡೆ ಉಜ್ಜುತ್ತೆ, ಗುಳ್ಳೆ ತುಂಬ್ಕೊಳ್ಳುತ್ತೆ, ಆ ಸದ್ದಲ್ಲಿ ನಾಲ್ಕು ಕಿಲೋಮೀಟರ್ ಕೆಳಗಿಂದ ಬರೋ ಪಿಸುಮಾತು ಕೇಳಿಸ್ಕೋಬೇಕು, ಜಾತ್ರೆ ಮೈಕಿನ ಪಕ್ಕ ನಿಂತು ಮೊಬೈಲಲ್ಲಿ ಮಾತಾಡಿದ ಹಂಗೆ. ಹೀಲಿಲಿ ಮೊದಲು ಇದ್ದ ಸೋನಾರ್ ತೆಗೆದು 2010ರಲ್ಲಿ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿದು ಹಾಕಿದ್ರು. ಹಡಗು ಹೊರಟಮೇಲೆ ಹತ್ತು ವರ್ಷಕ್ಕೆ, ಡ್ರೈಡಾಕಲ್ಲಿ, ಅಂದ್ರೆ ನೀರು ಖಾಲಿ ಮಾಡಿದ ರಿಪೇರಿ ಕಟ್ಟೇಲಿ, ನಿಲ್ಲಿಸಿ ತಳಕ್ಕೆ ಕೈ ಹಾಕಿ. ಅಂದ್ರೆ ಹೊಟ್ಟೆ ಆಪರೇಷನ್.

ಇನ್ನೊಂದು ನನಗೆ ಬಹಳ ಇಷ್ಟದ ಉದಾಹರಣೆ, 2015ರದ್ದು. ಜಿಯೋಟ್ರೇಸಸ್ ಅನ್ನೋ ಅಂತರರಾಷ್ಟ್ರೀಯ ಯೋಜನೆಗೆ ಹೀಲಿ ಆರ್ಕ್ಟಿಕ್‌ಗೆ ಹೋಯ್ತು, ಸಮುದ್ರದ ನೀರಲ್ಲಿ ಕರಗಿರೋ ಕಬ್ಬಿಣ, ಸತು, ಸೀಸದಂಥ ಲೋಹ ಎಷ್ಟಿದೆ ಅಂತ ಅಳೆಯೋಕೆ. ಕಬ್ಬಿಣ ಅಲ್ಲಿರೋದು ಒಂದು ಲೀಟರಿಗೆ ಗ್ರಾಮಿನ ಕೋಟಿ ಭಾಗದ ಲೆಕ್ಕದಲ್ಲಿ. ಅಳೆಯೋಕೆ ಹೋಗಿರೋದು 16 ಸಾವಿರ ಟನ್ನಿನ ಕಬ್ಬಿಣದ ಹಡಗಲ್ಲಿ! ತುಕ್ಕು ಉದುರೋ ರೇಲಿಂಗು, ಗ್ರೀಸು ಹಚ್ಚಿದ ಉಕ್ಕಿನ ಕೇಬಲ್ಲು, ಯಾವುದನ್ನ ಮುಟ್ಟಿದ್ರೂ ಸ್ಯಾಂಪಲ್ ಹಾಳು. ಅದಕ್ಕೆ ಹೊರಮೈಯಲ್ಲಿ ಲೋಹ ಇಲ್ಲದ ಬೇರೆ ಕೇಬಲ್ಲು, ಶುದ್ಧ ಗಾಳಿ ಇರೋ ಪ್ರತ್ಯೇಕ ಕಂಟೇನರ್ ಲ್ಯಾಬು ಎಲ್ಲಾ ಹಡಗಿನ ಮೇಲೆ ತಂದು ಕೂರಿಸಿದ್ರು. ಇಂಥ ಕೆಲಸ ವರ್ಷಗಟ್ಟಲೆ ಮುಂಚೆ ಮಾತಾಡ್ಕೊಳ್ಳದೆ ಆಗಲ್ಲ, ಹಡಗಿನ ಡೆಕ್ಕಲ್ಲಿ ಆ ಕಂಟೇನರ್‌ಗೆ ಕರೆಂಟು ನೀರು ಎಲ್ಲಿಂದ ಅನ್ನೋದೇ ಒಂದು ದೊಡ್ಡ ಚರ್ಚೆ. ಅಂದಹಾಗೆ ಅದೇ ಯಾನದಲ್ಲಿ ಸೆಪ್ಟೆಂಬರ್ 5ಕ್ಕೆ ಹೀಲಿ ಉತ್ತರ ಧ್ರುವ ಮುಟ್ತು, ಬೇರೆ ಹಡಗಿನ ಜೊತೆ ಇಲ್ಲದೆ ಒಂಟಿಯಾಗಿ ಅಲ್ಲಿಗೆ ಹೋದ ಮೊದಲ ಅಮೆರಿಕನ್ ನೀರಮೇಲಿನ ಹಡಗು ಅಂತ ಹೆಸರೂ ಬಂತು.

ಪ್ರಶ್ನೆ: ಐಸ್‌ಬ್ರೇಕರ್ ಹಿಮವನ್ನ ಗರಗಸದ ಥರ ಕೊಯ್ಯುತ್ತಾ? (7ನೇ ಕ್ಲಾಸ್, ಹಾಸನ)

ಇಲ್ಲ ಪುಟ್ಟ. ಮೂತಿ ಇಳಿಜಾರಾಗಿ ಇರುತ್ತೆ, ಎಮ್ಮೆ ಕೆರೆ ದಡ ಹತ್ತಿದ ಹಂಗೆ ಹಡಗು ಹಿಮದ ಮೇಲೆ ಹತ್ತುತ್ತೆ, ಆ ಭಾರಕ್ಕೆ ಹಿಮ ಮುರಿಯುತ್ತೆ. ಹೀಲಿ ನಾಲ್ಕೂವರೆ ಅಡಿ ದಪ್ಪದ ಹಿಮ ಆದ್ರೆ ನಿಲ್ಲದೆ ಮುರ್ಕೊಂಡು ಹೋಗುತ್ತೆ, ಗಂಟೆಗೆ ಐದೂವರೆ ಕಿಲೋಮೀಟರ್ ಸ್ಪೀಡಲ್ಲಿ, ಅಂದ್ರೆ ನಿಮ್ಮಜ್ಜ ಬೆಳಿಗ್ಗೆ ವಾಕಿಂಗ್ ಹೋಗೋ ಸ್ಪೀಡು. ಎಂಟು ಅಡಿ ಆದ್ರೆ ಹಿಂದೆ ಹೋಗಿ ಓಡಿಬಂದು ಗುದ್ದಬೇಕು.

ಪ್ರಶ್ನೆ: ನಾನು ಮರ್ಚೆಂಟ್ ನೇವಿಲಿ ಇಂಜಿನಿಯರ್ ಆಗಿದ್ದೋನು, ಈಗ ನಿವೃತ್ತ. ಹಡಗಲ್ಲಿ ಇಬ್ಬರು ಯಜಮಾನರು ಇರೋಕಾಗಲ್ಲ. ಈ ಸಮಿತಿ ಮಾತಿಗೆ ಕ್ಯಾಪ್ಟನ್ ಯಾಕೆ ಸೊಪ್ಪು ಹಾಕ್ತಾನೆ? ಇದು ಹಲ್ಲಿಲ್ಲದ ಹಾವಲ್ವಾ? (ಓದುಗರು, ಕಾರವಾರ)

ಹಲ್ಲಿಲ್ಲ, ಒಪ್ಕೊಂಡೆ. ಎಐಸಿಸಿ ಹೇಳಿದ್ದನ್ನ ಕೋಸ್ಟ್ ಗಾರ್ಡ್ ಕೇಳ್ಲೇಬೇಕು ಅಂತ ಎಲ್ಲೂ ಇಲ್ಲ, ಹಡಗಲ್ಲಿ ಕೊನೇ ಮಾತು ಕ್ಯಾಪ್ಟನ್ನದೇ. ವಿಜ್ಞಾನಿಗಳ ಕಡೆಯಿಂದ ಒಬ್ಬರು ಚೀಫ್ ಸೈಂಟಿಸ್ಟ್ ಇರ್ತಾರೆ, ಎಲ್ಲಿಗೆ ಹೋಗ್ಬೇಕು ಏನ್ ಅಳೀಬೇಕು ಅಂತ ಅವರು ಹೇಳ್ತಾರೆ, ಹೋಗೋದು ಸೇಫಾ ಅಂತ ಕ್ಯಾಪ್ಟನ್ ನೋಡ್ತಾರೆ.

ಆದ್ರೆ ಸಮಿತಿಗೆ ಹಲ್ಲಿಲ್ದೇ ಇದ್ರೂ ಜ್ಞಾಪಕಶಕ್ತಿ ಇದೆ, ನನ್ನ ಪ್ರಕಾರ ಅದರ ಅಸಲಿ ಬೆಲೆ ಅದೇ. ಹೇಗೆ ಅಂದ್ರೆ, ಕೋಸ್ಟ್ ಗಾರ್ಡ್ ಒಂದು ಸಮವಸ್ತ್ರದ ಪಡೆ, ಅಧಿಕಾರಿಗಳು ಎರಡು ಮೂರು ವರ್ಷಕ್ಕೆ ಟ್ರಾನ್ಸ್‌ಫರ್. ಪಾಪ ಒಬ್ಬ ಹುಡುಗ ಎರಡು ಬೇಸಿಗೆ ಕಷ್ಟಪಟ್ಟು ಹಿಮದಲ್ಲಿ ಕೇಬಲ್ ಇಳಿಸೋದು ಕಲ್ತಿರ್ತಾನೆ, ಮೂರನೇ ಬೇಸಿಗೆಗೆ ಅವನು ಫ್ಲೋರಿಡಾದಲ್ಲಿ ದೋಣಿ ಓಡಿಸ್ತಿರ್ತಾನೆ. ವಿಜ್ಞಾನಿಗಳೂ ಅಷ್ಟೇ, ಒಂದು ತಿಂಗಳು ಒಂದೂವರೆ ತಿಂಗಳು ಬರ್ತಾರೆ, ಪ್ರಾಜೆಕ್ಟ್ ಮುಗೀತು ಹೋದ್ರು, ಮುಂದಿನ ವರ್ಷ ಬರೋರು ಬೇರೆ ಯೂನಿವರ್ಸಿಟಿಯೋರು. ಹಡಗಿನ ಬಾಯ್ಲರ್ ನೋಡ್ಕೊಂಡಿದ್ದ ನಿಮಗೆ ಹೇಳ್ಬೇಕಾ, ಯಾವ ವಾಲ್ವ್ ಯಾವಾಗ ಕೈಕೊಡುತ್ತೆ ಅಂತ ಮ್ಯಾನ್ಯುಯಲ್ಲಲ್ಲಿ ಇರಲ್ಲ, ಹಳಬರ ತಲೇಲಿ ಇರುತ್ತೆ. ಆ ಹಳಬರು ಯಾರೂ ಹಡಗಲ್ಲಿ ಉಳಿಯದೇ ಇದ್ರೆ? ಆ ತಲೆ ಎಲ್ಲಾದ್ರೂ ಹೊರಗಡೆ ಇರ್ಬೇಕಲ್ಲ, ಅದೇ ಈ ಸಮಿತಿ. ಪ್ರತೀ ಯಾನ ಮುಗಿದಮೇಲೆ ಏನ್ ಚೆನ್ನಾಗಾಯ್ತು ಏನ್ ಕೆಟ್ಟೋಯ್ತು ಅಂತ ವಿಜ್ಞಾನಿಗಳ ಹತ್ರ ಕೇಳಿ ಕೋಸ್ಟ್ ಗಾರ್ಡ್ ಮುಂದೆ ಇಡೋದು, 'ಇದೇ ದೂರು ಮೂರು ವರ್ಷದ ಹಿಂದೆನೂ ಬಂದಿತ್ತು ಸ್ವಾಮಿ' ಅಂತ ನೆನಪಿಸೋದು. ಬೇಸರದ ಕೆಲಸ, ಹೆಡ್‌ಲೈನ್ ಆಗಲ್ಲ.

ಕ್ಯಾಪ್ಟನ್ ಯಾಕೆ ಕೇಳ್ತಾರೆ ಅಂದ್ರೆ ದುಡ್ಡಿನ ಲೆಕ್ಕನೂ ಇದೆ. ಆರ್ಕ್ಟಿಕ್ ವಿಜ್ಞಾನದ ಯಾನಕ್ಕೆ ದೊಡ್ಡ ಪಾಲು ಹಣ ಬರೋದು ನ್ಯಾಷನಲ್ ಸೈನ್ಸ್ ಫೌಂಡೇಷನ್ ಅನ್ನೋ, ಸಂಶೋಧನೆಗೆ ದುಡ್ಡು ಕೊಡೋ ಸರ್ಕಾರಿ ಸಂಸ್ಥೆ ಕಡೆಯಿಂದ. 2006ರ ಬಜೆಟ್ಟಲ್ಲಂತೂ ಐಸ್‌ಬ್ರೇಕರ್‌ಗಳ ಖರ್ಚಿನ ಹಣವನ್ನೇ ಕೋಸ್ಟ್ ಗಾರ್ಡ್‌ನಿಂದ ತೆಗೆದು ಫೌಂಡೇಷನ್ನಿಗೆ ಕೊಟ್ಟಿದ್ರು, ಹಡಗು ಒಬ್ಬರದು ಪರ್ಸು ಇನ್ನೊಬ್ಬರದು! ಆ ಪರ್ಸಿಂದ ದುಡ್ಡು ತಗೊಂಡು ಹಡಗಲ್ಲಿ ಕೆಲಸ ಮಾಡೋರ ಮಾತಿಗೆ ಕಿವಿ ಮುಚ್ಕೊಳ್ಳೋಕೆ ಆಗಲ್ಲ ಅಲ್ವಾ.

ಪ್ರಶ್ನೆ: ಇಂಥ ಸಲಹಾ ಗುಂಪನ್ನ ಹೊಸದಾಗಿ ಕಟ್ಟಬೇಕು ಅಂದ್ರೆ ಯಾರ್ಯಾರನ್ನ ಹಾಕ್ಬೇಕು? (ಕಾಲೇಜು ಉಪನ್ಯಾಸಕರು, ಧಾರವಾಡ)

ಮೊದಲು ಯಾರನ್ನ ಹಾಕ್ಬಾರ್ದು ಅಂತ ಹೇಳ್ತೀನಿ ಸಾರ್, ಹಡಗೇ ಹತ್ತದೋರನ್ನ ಹಾಕ್ಬಾರ್ದು. ಡೈರೆಕ್ಟರು, ಜಾಯಿಂಟ್ ಡೈರೆಕ್ಟರು ಅಂತ ಪದವಿ ನೋಡಿ ತುಂಬಿಸಿದ್ರೆ ವರ್ಷಕ್ಕೊಂದ್ಸಲ ಗೋಡಂಬಿ ತಿಂದು ಹೋಗ್ತಾರೆ.

ಎಐಸಿಸಿಲಿ ಇರೋದು ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು, ಹೆಸರು ಸೂಚಿಸಿ ಅಂತ ಎಲ್ಲರನ್ನೂ ಕೇಳಿ ನೇಮಿಸ್ತಾರೆ, ಅವಧಿ ಮುಗಿದಮೇಲೆ ಬೇರೆಯವರಿಗೆ ಜಾಗ. ಸಮುದ್ರದ ರಸಾಯನ, ಜೀವಿಗಳು, ಭೂವಿಜ್ಞಾನ, ಹಿಮ ಹೀಗೆ ಬೇರೆಬೇರೆ ಕಡೆಯೋರು ಇರ್ಬೇಕು, ಯಾಕಂದ್ರೆ ಒಬ್ಬೊಬ್ಬರ ಬೇಡಿಕೆ ಒಂದೊಂದು, ಕೆಲವು ಸಲ ಒಂದಕ್ಕೊಂದು ವಿರುದ್ಧ. ಭೂವಿಜ್ಞಾನಿಗೆ ತಳದ ಕೆಸರು ತೆಗೆಯೋಕೆ ಹಿಂದುಗಡೆ ಭಾರೀ ಕ್ರೇನ್ ಬೇಕು, ಹಿಮದ ವಿಜ್ಞಾನಿಗೆ ಬೇಗ ಕೆಳಗೆ ಇಳಿಯೋಕೆ ಮೆಟ್ಟಿಲು ಬೇಕು. ಎಲ್ಲರೂ ಭೂವಿಜ್ಞಾನಿಗಳೇ ತುಂಬ್ಕೊಂಡ್ರೆ ಹಡಗು ಕ್ರೇನ್ ಅಂಗಡಿ ಆಗುತ್ತೆ. ಸಭೆಗೆ ಕೋಸ್ಟ್ ಗಾರ್ಡ್‌ನೋರು, ದುಡ್ಡು ಕೊಡೋ ಸಂಸ್ಥೆಗಳೋರು ಬಂದು ಕೂರ್ತಾರೆ, ದೂರು ಹೇಳೋರು ಕೇಳೋರು ಇಬ್ರೂ ಒಂದೇ ಕೋಣೇಲಿ.

ನನ್ನ ಕೇಳಿದ್ರೆ ತಂತ್ರಜ್ಞರು ಒಬ್ಬಿಬ್ರು ಇರ್ಲೇಬೇಕು, ವಿಂಚ್ ಆಪರೇಟ್ ಮಾಡೋರು, ಕಂಪ್ಯೂಟರ್ ನೆಟ್ವರ್ಕ್ ನೋಡ್ಕೊಳ್ಳೋರು. ಪ್ರೊಫೆಸರ್‌ಗೆ ಗೊತ್ತಿಲ್ಲದ ಹತ್ತು ವಿಷಯ ಅವರಿಗೆ ಗೊತ್ತಿರುತ್ತೆ. ಮತ್ತೆ ಮುಖ್ಯವಾಗಿ ಯಾವಾಗ ಕಟ್ಟಬೇಕು ಅನ್ನೋದು. ಹೀಲಿ ವಿಷಯದಲ್ಲಿ ಹಡಗಿನ ಕಾಂಟ್ರಾಕ್ಟ್ ಆಗಿದ್ದು 1993ರಲ್ಲಿ, ಆಮೇಲೆ ಸಮಿತಿ ಬಂತು, ಅಂದ್ರೆ ಅಡಿಪಾಯ ಬದಲಾಯಿಸೋಕೆ ಲೇಟಾಗಿತ್ತು ಆದ್ರೆ ಪ್ಲಗ್ಗಿನ ಜಾಗ ಹೇಳೋಕೆ ಟೈಮ್ ಇತ್ತು. 2000ದಲ್ಲಿ ಹೀಲಿಯನ್ನ ಬ್ಯಾಫಿನ್ ಕೊಲ್ಲಿ ಕಡೆ ಹಿಮಪರೀಕ್ಷೆಗೆ ಕರ್ಕೊಂಡು ಹೋದ್ರು, ಆ ವರ್ಷದ ಪರೀಕ್ಷೆಗಳಲ್ಲಿ ಹಿಮ ಒಡೆಯುತ್ತಾ ಅಂತ ಮಾತ್ರ ಅಲ್ಲ, ವಿಂಚು ಸೋನಾರು ಲ್ಯಾಬು ಎಲ್ಲಾ ನಡೆಯುತ್ತಾ ಅಂತ ವಿಜ್ಞಾನಿಗಳೇ ಹತ್ತಿ ನೋಡಿದ್ರು. ಅದರ ಫಲ 2001ಕ್ಕೇ ಸಿಕ್ತು. ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನ ಜೊತೆ ಗಕ್ಕೆಲ್ ರಿಡ್ಜ್ ಅನ್ನೋ ಜಾಗಕ್ಕೆ ಹೋದ್ರು, ಆರ್ಕ್ಟಿಕ್ ತಳದಲ್ಲಿರೋ ಪರ್ವತಸಾಲು ಅದು, ಭೂಮಿ ಮೇಲೆ ಅತಿ ನಿಧಾನಕ್ಕೆ ಬಾಯಿ ತೆರೆಯೋ ಬಿರುಕು. ಅಷ್ಟು ನಿಧಾನ ಇರೋ ಕಡೆ ಬಿಸಿನೀರಿನ ಬುಗ್ಗೆ ಜಾಸ್ತಿ ಇರಲ್ಲ ಅಂತ ಅಂದ್ಕೊಂಡಿದ್ರೆ ಹೋದಲ್ಲೆಲ್ಲ ಅದರ ಸುಳಿವು! ಮೊದಲನೇ ಮುಖ್ಯ ಯಾನಕ್ಕೇ ಹೀಲಿ ಪಾಸು.

ಪ್ರಶ್ನೆ: ಆ ಕಡೆ ಹಿಮದಲ್ಲಿ ಜನನೂ ಇದಾರಲ್ವಾ, ಅವರನ್ನ ಯಾರಾದ್ರೂ ಕೇಳ್ತಾರಾ? (ಗೃಹಿಣಿ, ಮೈಸೂರು)

ಇಷ್ಟೂ ಪತ್ರಗಳಲ್ಲಿ ಇದನ್ನ ಕೇಳಿದ್ದು ನೀವೊಬ್ರೇ. ಅಲಾಸ್ಕಾದ ಉತ್ತರ ತೀರದಲ್ಲಿ ಇನ್ಯುಪಿಯಾಟ್ ಜನ ಇದಾರೆ, ಬೋಹೆಡ್ ಅನ್ನೋ ತಿಮಿಂಗಿಲದ ಬೇಟೆ ಅವರ ಊಟ, ಹಬ್ಬ, ಎಲ್ಲಾ. ಬೇಟೆ ನಡೆಯೋದು ವಸಂತದಲ್ಲಿ ಮತ್ತೆ ಬೇಸಿಗೆ ಮುಗಿಯೋ ಹೊತ್ತಲ್ಲಿ, ಅಂದ್ರೆ ಸಂಶೋಧನಾ ಹಡಗುಗಳು ಓಡಾಡೋ ಸೀಸನ್ನಿಗೇ ತಗಲ್ಹಾಕ್ಕೊಳ್ಳುತ್ತೆ. ತಿಮಿಂಗಿಲಕ್ಕೆ ಕಿವಿ ಬಹಳ ಚುರುಕು, ಐಸ್‌ಬ್ರೇಕರ್ ಸದ್ದಿಗೆ ದಾರಿ ಬದಲಾಯಿಸಿದ್ರೆ ಚಿಕ್ಕ ದೋಣಿಲಿ ಹೋದೋರು ಅಪಾಯದಲ್ಲಿ ಇನ್ನೂ ದೂರ ಹೋಗ್ಬೇಕು, ಇಲ್ಲಾ ಬರಿಗೈಲಿ ವಾಪಸ್. ಅವರದ್ದೇ ಅಲಾಸ್ಕಾ ಎಸ್ಕಿಮೋ ವೇಲಿಂಗ್ ಕಮಿಷನ್ ಅಂತ 1977ರಿಂದ ಇದೆ, ಗಟ್ಟಿ ಸಂಸ್ಥೆ. ಹೀಗಾಗಿ ಯಾನದ ತಾರೀಖು, ದಾರಿ ಎಲ್ಲಾ ಈ ಜನರ ಜೊತೆ ಮೊದಲೇ ಮಾತಾಡಿ ಹೊಂದಿಸೋದು ಸಮಿತಿ ಕೆಲಸದಲ್ಲಿ ಸೇರ್ಕೊಳ್ತು. ಆ ಸಮುದಾಯದವರೇ ಒಬ್ಬರು ಹೀಲಿ ಮೇಲೆ ವೀಕ್ಷಕರಾಗಿ ಹೋಗೋ ಪದ್ಧತಿನೂ ಇದೆ. ಶುರುಲಿ ಬರೀ ಕೇಬಲ್ಲು ಲ್ಯಾಬು ಅಂತ ಮಾತಾಡ್ತಿದ್ದ ಗುಂಪು ತಿಮಿಂಗಿಲ ಬೇಟೆಗಾರರ ಜೊತೆ ಕೂರೋ ಹಂಗಾಯ್ತಲ್ಲ, ಅದು ನನಗೆ ಸೋನಾರ್‌ಗಿಂತ ದೊಡ್ಡ ಅಪ್‌ಗ್ರೇಡ್ ಅನ್ಸುತ್ತೆ.

ಪ್ರಶ್ನೆ: ಒಂದೇ ಹಡಗು ನಂಬ್ಕೊಂಡು ಕೂತ್ರೆ ಅದು ಕೆಟ್ಟಾಗ ಗತಿ ಏನು? (ಓದುಗರು, ಉಡುಪಿ)

ಗತಿ ಗೋವಿಂದ. 2020ರ ಆಗಸ್ಟಲ್ಲಿ ಹೀಲಿ ಅಲಾಸ್ಕಾದ ಸೀವರ್ಡ್ ಊರಿಂದ ಸ್ವಲ್ಪ ದೂರದಲ್ಲಿ ಆರ್ಕ್ಟಿಕ್ ಕಡೆ ಹೋಗ್ತಿತ್ತು, ಬಲಗಡೆ ಪ್ರೊಪೆಲ್ಲರ್ ತಿರುಗಿಸೋ ಮೋಟರ್‌ಗೆ ಬೆಂಕಿ ಬಿತ್ತು. ಯಾರಿಗೂ ಪೆಟ್ಟಾಗ್ಲಿಲ್ಲ, ಆದ್ರೆ ಯಾನ ಕ್ಯಾನ್ಸಲ್, ಹಡಗು ಕುಂಟ್ಕೊಂಡು ಸಿಯಾಟಲ್‌ಗೆ ವಾಪಸ್. ಇಲ್ಲೊಂದು ಕಥೆ ಇದೆ ಕೇಳಿ. ಆ ಮೋಟರ್ ತೂಕ ನೂರು ಟನ್‌ಗೂ ಜಾಸ್ತಿ, ಅಂಗಡೀಲಿ ಸಿಗೋ ಮಾಲಲ್ಲ. ಹಡಗು ಕಟ್ಟೋವಾಗ್ಲೇ ಯಾರೋ ಪುಣ್ಯಾತ್ಮರು ಮುಂದಾಲೋಚನೆ ಮಾಡಿ ಒಂದು ಸ್ಪೇರ್ ಮೋಟರ್ ಮಾಡಿಸಿ ಬಾಲ್ಟಿಮೋರಲ್ಲಿ ಗೋಡೌನಿಗೆ ಹಾಕಿದ್ರು, 20 ವರ್ಷಕ್ಕೂ ಮೇಲೆ ಅಲ್ಲೇ ಮಲಗಿತ್ತು. ಅದನ್ನ ಬಾರ್ಜಲ್ಲಿ ಪನಾಮಾ ಕಾಲುವೆ ದಾಟಿಸಿ ಕ್ಯಾಲಿಫೋರ್ನಿಯಾದ ವಲೇಹೋಗೆ ತಂದು, ಹಡಗಿನ ಹೊಟ್ಟೆ ಕೊಯ್ದು ಹಳೇದು ತೆಗೆದು ಹೊಸದು, ಅಂದ್ರೆ ಹಳೇ ಹೊಸದು, ಕೂರಿಸಿದ್ರು. ನಮ್ಮಜ್ಜಿ ಹಳೇ ಟ್ರಂಕಲ್ಲಿ ಇಟ್ಟಿದ್ದ ಮೊಳೆ ಕೂಡ ಒಂದಿನ ಉಪಯೋಗಕ್ಕೆ ಬರುತ್ತೆ ಅಂತಿದ್ರಲ್ಲ, ಅದೇ. 2024ರ ಜುಲೈಲಿ ಮತ್ತೊಂದು ಬೆಂಕಿ, ಮತ್ತೆ ಸಿಯಾಟಲ್, ಆದ್ರೆ ಆ ಸಲ ರಿಪೇರಿ ಮುಗಿಸಿ ಅದೇ ವರ್ಷ ಆರ್ಕ್ಟಿಕ್‌ಗೆ ವಾಪಸ್ ಹೋಯ್ತು.

ಕೆಡೋದು ಒಂದು ಕಡೆಯಾದ್ರೆ ಬೇರೆ ಕೆಲಸಕ್ಕೆ ಕರ್ಕೊಂಡು ಹೋಗೋದು ಇನ್ನೊಂದು ಕಡೆ. 2012ರ ಜನವರಿಲಿ ನೋಮ್ ಅನ್ನೋ ಅಲಾಸ್ಕಾ ಊರಿಗೆ ಚಳಿಗಾಲದ ಇಂಧನ ಬಂದಿರ್ಲಿಲ್ಲ, ಬಿರುಗಾಳಿಗೆ ಚಳಿಗಾಲಕ್ಕೆ ಮುಂಚಿನ ಕೊನೇ ಸಾಗಣೆ ತಪ್ಪಿಹೋಗಿತ್ತು, ಸಮುದ್ರ ಹೆಪ್ಪುಗಟ್ಟಿತ್ತು. ವರ್ಷವಿಡೀ ವಿಜ್ಞಾನದ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಹೀಲಿನೇ 'ರೆಂಡಾ' ಅನ್ನೋ ರಷ್ಯನ್ ಟ್ಯಾಂಕರ್‌ಗೆ ಮುಂದೆ ಮುಂದೆ ದಾರಿ ಮಾಡ್ಕೊಂಡು ಹೋಗ್ಬೇಕಾಯ್ತು. ಯಾಕಂದ್ರೆ ಆಗ ಪೋಲಾರ್ ಸೀ 2010ರಲ್ಲೇ ಇಂಜಿನ್ ಕೆಟ್ಟು ಮೂಲೆ ಸೇರಿತ್ತು, ಪೋಲಾರ್ ಸ್ಟಾರ್ ಇನ್ನೂ ರಿಪೇರಿಲಿ, ದೇಶಕ್ಕೆಲ್ಲ ಓಡೋ ಧ್ರುವದ ಐಸ್‌ಬ್ರೇಕರ್ ಅಂತ ಕೋಸ್ಟ್ ಗಾರ್ಡ್ ಹತ್ರ ಇದ್ದಿದ್ದು ಹೀಲಿ ಒಂದೇ. ಊರಿನ ಜನ ಚಳಿಲಿ ನಡುಗೋವಾಗ ನನ್ನ ಸ್ಯಾಂಪಲ್ಲು ಅಂತ ಯಾವ ವಿಜ್ಞಾನಿನೂ ಜಗಳ ಆಡಲ್ಲ ಬಿಡಿ. ಹೊಸ ಹಡಗು 2019ರಲ್ಲೇ ಆರ್ಡರ್ ಮಾಡಿದ್ರೂ ತಡ ಆಗ್ತಾನೇ ಇದೆ, ಅದಕ್ಕೇ ತೈಲ ಕಂಪನಿಗಳಿಗೆ ಕೆಲಸ ಮಾಡ್ತಿದ್ದ ಒಂದು ಹಳೇ ಹಡಗು ಕೊಂಡು 'ಸ್ಟೋರಿಸ್' ಅಂತ ಹೆಸರಿಟ್ಟು 2025ರ ಆಗಸ್ಟಲ್ಲಿ ಸೇವೆಗೆ ತಗೊಂಡ್ರು.

ಪ್ರಶ್ನೆ: ವಾಸ್ಕೋದಲ್ಲಿರೋ ಕನ್ನಡಿಗ ನಾನು. ಇಲ್ಲೇ ನಮ್ಮ ಧ್ರುವ ಸಂಶೋಧನಾ ಕೇಂದ್ರ ಇದೆ. ಭಾರತದ ಐಸ್‌ಬ್ರೇಕರ್ ಎಲ್ಲಿ? ನಮಗೂ ಇಂಥ ಸಮಿತಿ ಬೇಡ್ವಾ? (ಓದುಗರು, ಗೋವಾ)

ನಿಮ್ಮ ಮನೆ ಹತ್ರದ್ದೇ ಸಂಸ್ಥೆ ಅದು, ಎನ್‌ಸಿಪಿಓಆರ್. ಭಾರತ ಅಂಟಾರ್ಕ್ಟಿಕಾಕ್ಕೆ ಮೊದಲ ಸಲ ಹೊರಟಿದ್ದೂ ಗೋವಾದಿಂದಲೇ, 1981ರ ಡಿಸೆಂಬರಲ್ಲಿ, ಎಸ್. ಝಡ್. ಖಾಸಿಂ ನೇತೃತ್ವದಲ್ಲಿ 21 ಜನ. ಹಡಗು? ನಾರ್ವೆಯ 'ಪೋಲಾರ್ ಸರ್ಕಲ್', ಬಾಡಿಗೆದು. ಅಲ್ಲಿಂದ ಇಲ್ಲಿವರೆಗೆ 40 ವರ್ಷ ದಾಟ್ತು, ದಕ್ಷಿಣ ಗಂಗೋತ್ರಿ, ಮೈತ್ರಿ, ಭಾರತಿ ಅಂತ ಒಂದಾದಮೇಲೊಂದು ಕೇಂದ್ರ ಕಟ್ಟಿದ್ವಿ, ಆರ್ಕ್ಟಿಕ್‌ನಲ್ಲಿ 2008ರಲ್ಲಿ ಹಿಮಾದ್ರಿ ಮಾಡಿದ್ವಿ, ಆದ್ರೆ ಹಡಗು ಮಾತ್ರ ಇವತ್ತಿಗೂ ಬಾಡಿಗೆದೇ. ಅಲ್ಲಿ ಮನೆ ಇದೆ, ಹೋಗಿಬರೋಕೆ ಆಟೋ. ಆಟೋದವನು ನೀವು ಹೇಳಿದ ಕಡೆ ಕರ್ಕೊಂಡು ಹೋಗ್ತಾನೆ, ಆದ್ರೆ ದಾರಿ ಮಧ್ಯೆ 'ಇಲ್ಲಿ ಒಂದು ವಾರ ನಿಲ್ಲಪ್ಪ, ನೀರು ಅಳೀಬೇಕು' ಅಂದ್ರೆ ಮೀಟರ್ ತೋರಿಸ್ತಾನೆ. ಸಾಮಾನು ಇಳಿಸೋ ಹಡಗಿಗೂ ಸಂಶೋಧನೆ ಮಾಡೋ ಹಡಗಿಗೂ ವ್ಯತ್ಯಾಸ ಅದೇ.

2014ರಲ್ಲಿ ಕೇಂದ್ರ ಸಂಪುಟ ಧ್ರುವ ಸಂಶೋಧನಾ ಹಡಗಿಗೆ ಸಾವಿರ ಕೋಟಿ ಮೀರಿದ ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತ್ತು, ಹಡಗು ಬರ್ಲಿಲ್ಲ. 2025ರ ಜೂನಲ್ಲಿ ಓಸ್ಲೋದಲ್ಲಿ ಕೋಲ್ಕತಾದ ಗಾರ್ಡನ್ ರೀಚ್ ಶಿಪ್‌ಬಿಲ್ಡರ್ಸ್ ಮತ್ತೆ ನಾರ್ವೆಯ ಕಾಂಗ್ಸ್‌ಬರ್ಗ್ ಒಪ್ಪಂದ ಮಾಡ್ಕೊಂಡಿವೆ, ಇಲ್ಲೇ ಕಟ್ಟೋಕೆ. ಹೌದು, ಹೀಲಿಗೆ ಸೋನಾರ್ ಕೊಟ್ಟ ಅದೇ ಕಾಂಗ್ಸ್‌ಬರ್ಗ್.

ಸಮಿತಿ ಬೇಕಾ ಅಂದ್ರೆ, ನಾನಂತೂ ಬೇಕು ಅಂತೀನಿ, ಅದೂ ಈಗ್ಲೇ, ಡ್ರಾಯಿಂಗ್ ಇನ್ನೂ ಪೆನ್ಸಿಲ್ಲಲ್ಲಿ ಇರೋವಾಗ. ನಮಗೆ ಇನ್ನೊಂದು ಫಜೀತಿನೂ ಇದೆ, ಹೀಲಿಗೆ ಇಲ್ಲದ್ದು. ಅದು ಸಿಯಾಟಲ್‌ನಿಂದ ಆರ್ಕ್ಟಿಕ್‌ಗೆ ಹೊರಟ್ರೆ ತಣ್ಣನೆ ನೀರಲ್ಲೇ ಹೋಗುತ್ತೆ. ನಮ್ಮದು ಗೋವಾದಿಂದ ಹೊರಟು ಸಮಭಾಜಕ ವೃತ್ತದ ಬಿಸಿ ದಾಟಿ, ಆಮೇಲೆ ದಕ್ಷಿಣದ 40, 50 ಡಿಗ್ರಿ ಅಕ್ಷಾಂಶದ ಭಯಂಕರ ಅಲೆ ದಾಟಿ, ಆಮೇಲೆ ಹಿಮ. ಹಿಮ ಒಡೆಯೋಕೆ ಗುಂಡಗಿರೋ ತಳ ಬೇಕು, ಆ ಗುಂಡಗಿರೋ ತಳ ಅಲೆಲಿ ತೊಟ್ಟಿಲು ತೂಗಿದ ಹಂಗೆ ತೂಗುತ್ತೆ, ಎಸಿ ಬೇಕು, ಹೀಟರೂ ಬೇಕು. ಇದರ ಜೊತೆ ಕೇಂದ್ರಕ್ಕೆ ಡೀಸೆಲ್ಲು ಅಕ್ಕಿ ಬೇಳೆನೂ ಅದೇ ಹಡಗಲ್ಲಿ ಹೋಗ್ಬೇಕು ಅಂದ್ರೆ ಸರಕಿನ ಜಾಗಕ್ಕೂ ಲ್ಯಾಬಿನ ಜಾಗಕ್ಕೂ ಜಗಳ ಶುರು. ಆ ಜಗಳವನ್ನ ಪೇಪರ್ ಮೇಲೆ ಆಡಿ ಮುಗಿಸ್ಬೇಕು. ಮಂಗಳೂರು, ಕೊಚ್ಚಿ, ವಿಶಾಖಪಟ್ಟಣ ಎಲ್ಲಾ ಕಡೆ ಸಮುದ್ರ ವಿಜ್ಞಾನ ಓದ್ತಿರೋ ಹುಡುಗ ಹುಡುಗಿಯರು ಇದಾರೆ, ಹಡಗು ಬರೋ ಹೊತ್ತಿಗೆ ಅದರಲ್ಲಿ ಹೋಗೋರು ಅವರೇ, ಅಂಥವರಿಗೂ ಒಂದೆರಡು ಕುರ್ಚಿ ಕೊಡಿ ಅಂತ ನನ್ನ ಅರ್ಜಿ.

ಪ್ರಶ್ನೆ: ಸಲಹೆಯನ್ನ ಜನರಿಂದಲೇ ನೇರವಾಗಿ ಆನ್‌ಲೈನಲ್ಲಿ ಕೇಳಿದ್ರೆ ಸಮಿತಿನೇ ಬೇಡ ಅಲ್ವಾ? (ಓದುಗರು, ತುಮಕೂರು)

ಬ್ರಿಟನ್‌ನೋರು ಕೇಳಿದ್ರು ಸ್ವಾಮಿ, 2016ರಲ್ಲಿ, ಬರೀ ಹೊಸ ಧ್ರುವ ಹಡಗಿಗೆ ಹೆಸರು ಸೂಚಿಸಿ ಅಂತ. ಗೆದ್ದಿದ್ದು 'ಬೋಟಿ ಮೆಕ್‌ಬೋಟ್‌ಫೇಸ್'. ಕನ್ನಡದಲ್ಲಿ ಹೇಳೋದಾದ್ರೆ 'ದೋಣಪ್ಪ ದೋಣಿಮೂತಿ'. ಸರ್ಕಾರ ಕೆಮ್ಮಿ ಕ್ಯಾಕರಿಸಿ ಹಡಗಿಗೆ ಸರ್ ಡೇವಿಡ್ ಅಟೆನ್‌ಬರೋ ಹೆಸರಿಟ್ಟು, ಗೆದ್ದ ಹೆಸರನ್ನ ಒಂದು ಪುಟ್ಟ ಸಬ್‌ಮರೀನ್‌ಗೆ ಕೊಟ್ಟು ಸಮಾಧಾನ ಮಾಡ್ತು.

ಪ್ರಶ್ನೆ: ಅಷ್ಟು ಚಳಿಲಿ ಹಡಗಲ್ಲಿ 'ಬಿಸಿ' ಮಾಡ್ಕೊಳ್ಳೋಕೆ ಏನಾದ್ರೂ ಸಿಗುತ್ತಾ? (ಹೆಸರು ಬೇಡ, ಮಡಿಕೇರಿ)

ಕಾಫಿ ಸಿಗುತ್ತೆ. ಹೀಲಿಲಿ ಕುಡಿಯೋಹಂಗಿಲ್ಲ, ವಿಜ್ಞಾನಿಗಳಿಗೂ ಅದೇ ರೂಲ್ಸು. ತಮಾಷೆ ಏನು ಗೊತ್ತಾ, ಆ ಹಡಗಿಗೆ ಹೆಸರು ಬಂದಿರೋದು 19ನೇ ಶತಮಾನದ ಕ್ಯಾಪ್ಟನ್ ಮೈಕಲ್ ಹೀಲಿ ಅನ್ನೋರಿಂದ. ತಾಯಿ ಗುಲಾಮಗಿರಿಲಿದ್ದ ಹೆಣ್ಣುಮಗಳು, ತಂದೆ ಐರಿಷ್, ಆಫ್ರಿಕನ್ ಮೂಲದ ಒಬ್ಬರು ಅಮೆರಿಕ ಸರ್ಕಾರದ ಹಡಗಿಗೆ ಕ್ಯಾಪ್ಟನ್ ಆಗಿದ್ದು ಅವರೇ ಮೊದಲು, ಅಲಾಸ್ಕಾ ತೀರದಲ್ಲಿ ಅವರ ಹೆಸರು ಹೇಳಿದ್ರೆ ಕಳ್ಳಸಾಗಣೆಯೋರು ನಡುಗ್ತಿದ್ರು. ಅಂಥವರನ್ನ 1896ರಲ್ಲಿ ಕುಡಿತದ ಆರೋಪದ ಮೇಲೆ ವಿಚಾರಣೆ ಮಾಡಿ ಹುದ್ದೆಯಿಂದ ಇಳಿಸಿದ್ರು. ಅವರ ಹೆಸರಿನ ಹಡಗು ಪೂರ್ತಿ ಡ್ರೈ. ಜರ್ಮನ್ನರ ಪೋಲಾರ್‌ಸ್ಟರ್ನಲ್ಲಿ ಮಾತ್ರ 'ಝಿಲ್ಲರ್‌ಟಾಲ್' ಅಂತ ಸೊಗಸಾದ ಬಾರ್ ಇದೆ. 2001ರಲ್ಲಿ ಎರಡೂ ಹಡಗು ಹಿಮದಲ್ಲಿ ಜೊತೆಜೊತೆಯಾಗಿ ಇದ್ವಲ್ಲ, ಸಾಯಂಕಾಲ ಯಾವ ಕಡೆಯಿಂದ ಯಾವ ಕಡೆಗೆ ಜನ ಹೋಗೋಕೆ ಆಸೆಪಟ್ಟಿರ್ತಾರೆ ಅಂತ ನೀವೇ ಊಹಿಸ್ಕೊಳ್ಳಿ.